ಮೋಡ ಇಲ್ಲ, ಆದ್ರೂ ಸೋಲಾರ್ ಯೂನಿಟ್ ಅರ್ಧಕ್ಕಿಳಿದಿದೆ. ಹೊಗೆ ಕಾರಣಾನಾ?

ನೋಯ್ಡಾ ಕನ್ನಡತಿ:
ನಮ್ಮ ಮನೆ ಟೆರೇಸ್ ಮೇಲೆ 3 ಕಿಲೋವ್ಯಾಟ್ ಪ್ಯಾನೆಲ್ ಇದೆ. ಮೇನಲ್ಲಿ ದಿನಕ್ಕೆ 13 ಯೂನಿಟ್ ಕೊಡ್ತಿತ್ತು, ಈಗ ನವೆಂಬರ್‌ನಲ್ಲಿ 6 ದಾಟಿದ್ರೆ ಪುಣ್ಯ. ಚೂರೂ ಮೋಡ ಇಲ್ಲ, ಆಕಾಶ ಮಾತ್ರ ಮಾಸಿದ ಪಂಚೆ ಬಣ್ಣ. ಪ್ಯಾನೆಲ್ ಹಾಕಿದವ್ರನ್ನ ಕೇಳಿದ್ರೆ "ಚಳಿಗಾಲ ಮೇಡಂ, ಹಂಗೇ" ಅಂತಾರೆ. ನಂಗೆ ನಂಬಿಕೆ ಬರ್ತಿಲ್ಲ.

ತುಮಕೂರು ಮೇಷ್ಟ್ರು:
ಅವ್ರು ಹೇಳಿದ್ದು ಪೂರ್ತಿ ಸುಳ್ಳಲ್ಲ ಮೇಡಂ. ನಿಮ್ಮಲ್ಲೀಗ ಹಗಲು ಮೇಗಿಂತ ಸುಮಾರು 3 ಗಂಟೆ ಕಮ್ಮಿ. ನಡುಮಧ್ಯಾಹ್ನಕ್ಕೂ ಸೂರ್ಯ ಏರೋದು 43 ಡಿಗ್ರಿ ಅಷ್ಟೇ, ಬೆಂಗಳೂರಲ್ಲಾದ್ರೆ 58. ಪ್ಯಾನೆಲ್ ಚಪ್ಪಟೆ ಮಲಗಿಸಿದ್ರೆ ಇನ್ನೂ ನಷ್ಟ. ದಕ್ಷಿಣಕ್ಕೆ ವಾಲಿಸಿದ್ದಾರಾ ನೋಡಿ.

ಉಳಿದದ್ದು ಹೊಗೆ ಲೆಕ್ಕಕ್ಕೆ. ಓರೆಯಾಗಿ ಬರೋ ಬೆಳಕು ಆ ಕೊಳಕು ಗಾಳಿಯಲ್ಲಿ ಹೆಚ್ಚು ದೂರ ಸಾಗ್ಬೇಕು. ಕಲ್ಲಿದ್ದಲು ಹೊಗೆಯಿಂದ ಹುಟ್ಟೋ ಸಲ್ಫೇಟ್ ಕಣಗಳು ಅದನ್ನ ಚದುರಿಸ್ತವೆ, ಒಂದು ಪಾಲು ಮೇಲಕ್ಕೇ ವಾಪಸ್. ಮಸಿ ಕಣ ಬೆಳಕನ್ನ ನುಂಗಿ ತಾನೇ ಬಿಸಿಯಾಗುತ್ತೆ. 1999ರಲ್ಲಿ ಹವಾಮಾನ ವಿಜ್ಞಾನಿ ವಿ. ರಾಮನಾಥನ್ ಅವ್ರಿದ್ದ ಇಂಡೋಎಕ್ಸ್ ಅನ್ನೋ ಅಂತರರಾಷ್ಟ್ರೀಯ ಅಧ್ಯಯನದ ತಂಡ ಅಳೆದಾಗ ನಮ್ಮ ಉಪಖಂಡದ ಈ ಹೊಗೆ ಹಿಂದೂ ಮಹಾಸಾಗರದ ಮೇಲೂ ಹಬ್ಬಿತ್ತು.

ಒಂದು ಪರೀಕ್ಷೆ: ಬಿಸಿಲಲ್ಲಿ ಕೈ ಚಾಚಿ ನೆರಳು ನೋಡಿ. ತೀರಾ ಪೇಲವವಾಗಿದ್ರೆ ನೇರ ಬಿಸಿಲು ಕಮ್ಮಿಯಾಗಿ ಚದುರಿದ ಬೆಳಕೇ ಜಾಸ್ತಿ ಅಂತ ಅರ್ಥ.

ನೋಯ್ಡಾ ಕನ್ನಡತಿ:
ನೋಡ್ದೆ ಸರ್, ಬೆರಳು ಎಣಿಸೋಕೂ ಆಗ್ತಿಲ್ಲ! ಪ್ಯಾನೆಲ್ ವಾಲಿಸಿದ್ದಾರೆ. ಬಿಸಿಲು ಇಷ್ಟು ತಡೆದ್ರೆ ಭೂಮಿ ತಂಪಾಗ್ಬೇಕಲ್ವಾ?

ತುಮಕೂರು ಮೇಷ್ಟ್ರು:
ಸ್ವಲ್ಪ ಆಗುತ್ತೆ. 1991ರಲ್ಲಿ ಫಿಲಿಪೈನ್ಸ್‌ನ ಪಿನಟುಬೊ ಜ್ವಾಲಾಮುಖಿ ಸಿಡಿದು ಇಂಥದ್ದೇ ಸಲ್ಫೇಟ್ ಕಣ ಹಬ್ಬಿದಾಗ ಮರುವರ್ಷ ಜಗತ್ತಿನ ಸರಾಸರಿ ತಾಪ ಸುಮಾರು ಅರ್ಧ ಡಿಗ್ರಿ ಇಳಿದಿತ್ತು. ನಮ್ಮ ಹೊಗೆಯ ಕಣಗಳು ವಾರ ಎರಡು ವಾರದಲ್ಲಿ ಉದುರಿಹೋಗ್ತವೆ, ಭೂಮಿ ಬಿಸಿ ಮಾಡೋ ಕಾರ್ಬನ್ ಡೈಆಕ್ಸೈಡ್ ಶತಮಾನಗಟ್ಟಲೆ ಕೂರುತ್ತೆ. ಗಾಳಿ ಶುಚಿಯಾದ್ರೆ ಮುಚ್ಚಿಟ್ಟಿದ್ದ ಸೆಕೆ ಹೊರಬೀಳುತ್ತೆ. ಹಾಗಂತ ಹೊಗೆ ಕುಡೀತಾ ಇರೋಕಾಗುತ್ತಾ?

ಪ್ಯಾನೆಲ್ ಗೌಡ:
ಮೇಷ್ಟ್ರು ಆಕಾಶದಲ್ಲೇ ಇದ್ದಾರೆ, ಗಾಜು ಯಾರೂ ನೋಡಿಲ್ಲ 😄 ಅಕ್ಕ, ಕೊನೆಗೆ ತೊಳ್ದಿದ್ದು ಯಾವಾಗ? ಗಾಂಧಿನಗರ ಐಐಟಿಯಲ್ಲಿ ಕೆಲವು ವಾರ ಬಿಟ್ಟು ತೊಳೆದಾಗ ಪ್ಯಾನೆಲ್ ದಕ್ಷತೆ 50%ರಷ್ಟು ಏರಿತ್ತು, 2017ರಲ್ಲಿ ವರದಿ ಬಂತು. ಧೂಳಾದ್ರೆ ಒರೆಸಿದ್ರೆ ಹೋಗುತ್ತೆ. ಹೊಗೆ ಮಸಿ ಇಬ್ಬನಿಗೆ ನೆಂದು ಜಿಡ್ಡಿನ ಹಾಗೆ ಅಂಟಿರುತ್ತೆ. ಗಾಜು ಬಿಸಿಯಾಗೋ ಮುಂಚೆ, ಬೆಳಗ್ಗೇನೇ ಮೆತ್ತನೆ ಬಟ್ಟೆ ಹಾಕಿ ತೊಳೀರಿ. ಬೋರ್ ನೀರು ಬೇಡ, ಉಪ್ಪಿನ ಕಲೆ ನಿಲ್ಲುತ್ತೆ. ತೊಳೆದ ಮಾರನೇ ದಿನದ ಯೂನಿಟ್ ಇಲ್ಲಿ ಹಾಕಿ.