ಚಿಕ್ಕಬಳ್ಳಾಪುರದಲ್ಲಿ ಅಭ್ಯಂಗ, ಹಬೆಸ್ನಾನದ ಕೇಂದ್ರ: ಪೇಟೆಯಲ್ಲಿ ತೆರೆಯಲೇ, ನಂದಿಯ ತಪ್ಪಲಲ್ಲಿ ತೆರೆಯಲೇ?

ಪ್ರಶ್ನೆ: ಚಿಕ್ಕಬಳ್ಳಾಪುರದ ಥೆರಪಿಸ್ಟ್

ಎಲ್ಲರಿಗೂ ನಮಸ್ಕಾರ. ದೇವನಹಳ್ಳಿ ಕಡೆಯ ರೆಸಾರ್ಟೊಂದರ ಸ್ಪಾದಲ್ಲಿ ಏಳು ವರ್ಷ ದುಡಿದ ನಾನು ಈಗ ನಮ್ಮೂರಿನಲ್ಲಿಯೇ ಸ್ವಂತ ಕೇಂದ್ರ ತೆರೆಯಬೇಕೆಂದಿದ್ದೇನೆ. ಅಭ್ಯಂಗ (ಮೈಗೆಲ್ಲ ಎಣ್ಣೆ ಹಚ್ಚಿ ತಿಕ್ಕುವುದು), ಶಿರೋಧಾರೆ (ಹಣೆಯ ಮೇಲೆ ಎಣ್ಣೆಯ ಧಾರೆ ಬಿಡುವುದು), ಹಬೆಸ್ನಾನ, ಪಾದದ ಮಸಾಜ್, ಇಷ್ಟು ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಉಳಿತಾಯದ ಆರು ಲಕ್ಷ ರೂಪಾಯಿ ಕೈಯಲ್ಲಿದೆ. ಜಾಗಗಳು ಎರಡು ಕಣ್ಣಮುಂದಿವೆ. ಬಿ.ಬಿ. ರಸ್ತೆಯ ಅಡ್ಡರಸ್ತೆಯೊಂದರಲ್ಲಿ 900 ಚದರಡಿಯ ಮೊದಲ ಮಹಡಿ, ತಿಂಗಳಿಗೆ 18,000 ರೂಪಾಯಿ ಬಾಡಿಗೆಗೆ ಸಿಗುತ್ತದೆ. ಇನ್ನೊಂದು, ನಂದಿ ಗ್ರಾಮದ ಬಳಿ ಅಪ್ಪನ ಹೆಸರಿನಲ್ಲಿರುವ ಇಪ್ಪತ್ತು ಗುಂಟೆ ಜಮೀನು ಮತ್ತು ಅದರಲ್ಲಿರುವ ಹಳೆಯ ಹೆಂಚಿನ ಮನೆ. ವಾರಾಂತ್ಯದಲ್ಲಿ ನಂದಿ ಬೆಟ್ಟಕ್ಕೂ ಆದಿಯೋಗಿ ಪ್ರತಿಮೆಗೂ ಬರುವ ಕಾರುಗಳ ಸಾಲನ್ನು ನೋಡಿದರೆ ಮನಸ್ಸು ತಪ್ಪಲಿನ ಕಡೆಗೇ ಎಳೆಯುತ್ತದೆ. ಅಮ್ಮನದು ಬೇರೆಯೇ ಚಿಂತೆ. ಸ್ಪಾ ಎಂಬ ಫಲಕ ಹಾಕಿದರೆ ಊರಿನವರು ಏನೆಂದುಕೊಳ್ಳುತ್ತಾರೋ ಎಂದು ದಿನವೂ ಕೇಳುತ್ತಾರೆ. ಜಾಗ, ಪರವಾನಗಿ, ಹಣದ ಲೆಕ್ಕ ಇವುಗಳ ಬಗ್ಗೆ ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ: ಕೋಲಾರದಲ್ಲಿ ಕೇಂದ್ರ ನಡೆಸುತ್ತಿರುವವರು

ತಂಗೀ, ಮೊದಲು ಪೇಟೆಯಲ್ಲಿ ಆರಂಭಿಸಿ. ನಂದಿಗೆ ಬರುವವರಲ್ಲಿ ಹೆಚ್ಚಿನವರು ಸೂರ್ಯೋದಯ ನೋಡಲು ಕತ್ತಲಿರುವಾಗಲೇ ಬಂದು, ದಾರಿಯಲ್ಲಿ ಇಡ್ಲಿ ವಡೆ ತಿಂದು, ಬಿಸಿಲೇರುವ ಮೊದಲೇ ಬೆಂಗಳೂರಿನ ಹಾದಿ ಹಿಡಿಯುತ್ತಾರೆ. ಎಣ್ಣೆ ಹಚ್ಚಿಸಿಕೊಂಡು, ಹಬೆ ತೆಗೆದುಕೊಂಡು, ಸ್ನಾನ ಮುಗಿಸಿ ಏಳಲು ಬೇಕಾಗುವ ಒಂದೂವರೆ ಗಂಟೆ ಅವರ ಬಳಿ ಇರುವುದಿಲ್ಲ. ಸೋಮವಾರದಿಂದ ಗುರುವಾರದವರೆಗೆ ಆ ರಸ್ತೆಯಲ್ಲಿ ನಿಂತು ನೀವೇ ನೋಡಿ. ಅದಲ್ಲದೆ ಅಪ್ಪನ ಜಮೀನು ಪಹಣಿಯಲ್ಲಿ ಇನ್ನೂ ಕೃಷಿಯೆಂದೇ ಇದ್ದರೆ, ವಾಣಿಜ್ಯ ಬಳಕೆಗೆ ಭೂಪರಿವರ್ತನೆ ಮಾಡಿಸಬೇಕಾಗುತ್ತದೆ.

ಹಣದ ಲೆಕ್ಕವನ್ನು ಹೀಗೆ ಹಾಕಿ ನೋಡಿ. ಬಾಡಿಗೆ 18,000, ಇಬ್ಬರು ಥೆರಪಿಸ್ಟರಿಗೆ 30,000, ಸ್ವಚ್ಛತೆಗೂ ಕೌಂಟರಿಗೂ ಒಬ್ಬರಿಗೆ 10,000, ವಿದ್ಯುತ್ತಿಗೆ 7,000, ಎಣ್ಣೆ ಮತ್ತು ಬಟ್ಟೆ ಒಗೆತಕ್ಕೆ 10,000, ಸಾಲದ ಕಂತು 12,000 ಎಂದಿಟ್ಟುಕೊಂಡರೆ ತಿಂಗಳಿಗೆ 87,000 ಆಯಿತು. ಒಬ್ಬರಿಂದ ಸರಾಸರಿ 900 ರೂಪಾಯಿ ಬಂದರೆ 97 ಜನ ಬಂದಾಗ ಖರ್ಚು ಸರಿಹೋಗುತ್ತದೆ, ಅಂದರೆ ದಿನಕ್ಕೆ ಸುಮಾರು ನಾಲ್ವರು. ನಿಮ್ಮ ಸಂಬಳ ಇದರಲ್ಲಿ ಸೇರಿಲ್ಲ. ಮೊದಲ ಆರು ತಿಂಗಳು ನಾಲ್ವರು ಬರುವುದಿಲ್ಲವೆಂದೇ ತಿಳಿದು, ಆ ಅವಧಿಯ ಬಾಡಿಗೆ ಸಂಬಳಗಳನ್ನು ಬ್ಯಾಂಕಿನಲ್ಲಿ ಮುಟ್ಟದೆ ಇಡಿ. ಒಳಾಂಗಣದ ಅಲಂಕಾರಕ್ಕೆ ಆ ಹಣವನ್ನು ಸುರಿಯಬೇಡಿ. ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ದಾಟಿದ ಮೇಲೂ, 2025ರ ಸೆಪ್ಟೆಂಬರ್ 22ರಿಂದ ಸಲೂನ್, ಸ್ಪಾ ಸೇವೆಗಳ ತೆರಿಗೆ ಶೇಕಡಾ 18ರಿಂದ 5ಕ್ಕೆ ಇಳಿದಿದೆ, ಆದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಿಂದ ಕಳೆಯುವ ಅವಕಾಶವಿಲ್ಲ.

ಎಲ್ಲರೂ ಮರೆಯುವುದು ನೀರನ್ನು. ನಮ್ಮ ಎರಡೂ ಜಿಲ್ಲೆಗಳಿಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿಗೂ ಆಳದ ಕೊಳವೆಬಾವಿಯ ಗಡಸು ನೀರನ್ನೇ ನಂಬಬೇಕು. ನಾನು ಮೊದಲ ವರ್ಷ ಆ ನೀರನ್ನೇ ನೇರವಾಗಿ ಸ್ಟೀಮ್ ಜನರೇಟರಿಗೆ ಕೊಟ್ಟೆ. ಮೂರು ತಿಂಗಳಿಗೆ ಹಬೆ ಸೋರಿದಂತೆ ಬರತೊಡಗಿತು. ಬಿಚ್ಚಿಸಿ ನೋಡಿದರೆ ಕಾಯಿಸುವ ಸುರುಳಿಯ ಮೇಲೆ ಸುಣ್ಣ ಬಳಿದಂತೆ ಬೆರಳು ದಪ್ಪದ ಬಿಳಿ ಹೆಕ್ಕಳೆ ಕಟ್ಟಿತ್ತು. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನವೇ ನೀರನ್ನು ಪರೀಕ್ಷೆಗೆ ಕೊಟ್ಟು, ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಯಂತ್ರದ ಖರ್ಚನ್ನು ಬಂಡವಾಳದಲ್ಲಿ ಸೇರಿಸಿಕೊಳ್ಳಿ. ಸಾಫ್ಟ್‌ನರ್ ಫ್ಲೋರೈಡನ್ನು ತೆಗೆಯುವುದಿಲ್ಲವಾದ್ದರಿಂದ ಕುಡಿಯುವ ನೀರಿಗೆ ಬೇರೆ ಏರ್ಪಾಡು ಬೇಕು. ಎಣ್ಣೆಯೂ ಕಡಲೆಹಿಟ್ಟೂ ಸೇರಿದ ಸ್ನಾನದ ನೀರು ಹರಿದರೆ ಮಾಮೂಲಿ ಪೈಪು ಬೇಗ ಕಟ್ಟಿಕೊಳ್ಳುತ್ತದೆ. ಜಿಡ್ಡು ತಡೆಯುವ ಸಣ್ಣ ತೊಟ್ಟಿಯೊಂದನ್ನು ಕಟ್ಟಿಸಲು ಮಾಲೀಕರು ಒಪ್ಪುತ್ತಾರೆಯೇ ಎಂದು ಕೇಳಿ.

ಇನ್ನೊಂದು ಮಾತು, ಜೀವಕ್ಕೆ ಸಂಬಂಧಿಸಿದ್ದು. ಎಣ್ಣೆ ಹೀರಿದ ಟವೆಲುಗಳನ್ನು ಒಗೆದು ಡ್ರೈಯರಿನಿಂದ ತೆಗೆದ ಬಿಸಿಯಲ್ಲೇ ರಾಶಿ ಹಾಕಬಾರದು. ಒಗೆದರೂ ಉಳಿದಿರುವ ಎಣ್ಣೆ ಗಾಳಿಯೊಡನೆ ಬೆರೆತು ಒಳಗೊಳಗೇ ಕಾಯುತ್ತದೆ. ನಮ್ಮಲ್ಲಿ ಒಂದು ರಾತ್ರಿ ಕಪಾಟಿನಿಂದ ಕಮಟು ಹೊಗೆ ಬಂದು, ನಡುವಿನ ಟವೆಲುಗಳು ಕಂದು ಬಣ್ಣಕ್ಕೆ ಸುಟ್ಟಿದ್ದವು. ಅಂದಿನಿಂದ ಬಿಸಿಲಿನಲ್ಲಿ ಒಣಗಿಸಿ, ಪೂರ್ತಿ ಆರಿದ ಮೇಲೆಯೇ ಮಡಿಸುತ್ತೇವೆ.

ಉತ್ತರ: ಚಿಂತಾಮಣಿಯ ಆಯುರ್ವೇದ ವೈದ್ಯೆ

ಮೇಲಿನವರು ಜಾಗದ ಬಗ್ಗೆ ಹೇಳಿರುವುದು ಸರಿ. ನಿಮ್ಮ ತಾಯಿಯವರ ಆತಂಕವನ್ನು ಹಗುರವಾಗಿ ಕಾಣಬೇಡಿ, ಅದಕ್ಕೆ ಉತ್ತರ ಕೊಡುವಂತೆ ಕೇಂದ್ರವನ್ನೇ ರೂಪಿಸಿ. ಮೊದಲ ವರ್ಷ ಹೆಂಗಸರಿಗಷ್ಟೇ ಎಂದು ತೀರ್ಮಾನಿಸಿ, ದರಪಟ್ಟಿಯನ್ನು ಬಾಗಿಲಲ್ಲೇ ಹಾಕಿ, ಹಗಲು ಹೊತ್ತಿನಲ್ಲಿ ಮಾತ್ರ ತೆರೆಯಿರಿ. ನಮ್ಮ ಸೀಮೆಯಲ್ಲಿ ಎಣ್ಣೆಸ್ನಾನ ಹೊಸದಲ್ಲ. ಬಾಣಂತಿಗೆ ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆ ಕೊಡಲು ಬರುತ್ತಿದ್ದ ಅಜ್ಜಿಯರು ಈಗ ಸಿಗುತ್ತಿಲ್ಲವೆಂದು ನನ್ನ ಬಳಿ ಬರುವ ಮನೆಗಳು ಬಹಳ. ವೈದ್ಯರ ಒಪ್ಪಿಗೆ ಪಡೆದು ಬಾಣಂತಿ ಆರೈಕೆಯನ್ನು ನಿಮ್ಮ ಸೇವೆಗಳಲ್ಲಿ ಸೇರಿಸಿದರೆ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೆಸರು ತಾನಾಗಿ ಹೋಗುತ್ತದೆ.

ಪದಗಳ ಬಳಕೆಯಲ್ಲಿ ಎಚ್ಚರವಿರಲಿ. ಪಂಚಕರ್ಮ ಚಿಕಿತ್ಸೆ ಎಂದು ಫಲಕದಲ್ಲಿ ಬರೆದರೆ ನಿಮ್ಮದು ವೈದ್ಯಕೀಯ ಸಂಸ್ಥೆಯಾಗುತ್ತದೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯೂ ಅರ್ಹ ವೈದ್ಯರೂ ಬೇಕು. ಮಧುಮೇಹ, ಬೊಜ್ಜು, ಪಾರ್ಶ್ವವಾಯು ಗುಣಪಡಿಸುತ್ತೇವೆ ಎಂಬ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯೇ ನಿಷೇಧಿಸಿದೆ. ಪ್ರತಿಯೊಬ್ಬರಿಂದಲೂ ಮೊದಲು ಒಂದು ಹಾಳೆ ತುಂಬಿಸಿಕೊಳ್ಳಿ: ಜ್ವರ, ರಕ್ತದೊತ್ತಡ, ಹೃದ್ರೋಗ, ಗರ್ಭ, ಇತ್ತೀಚಿನ ಶಸ್ತ್ರಚಿಕಿತ್ಸೆ. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಖಂಡಿತ ತಿಕ್ಕಬೇಡಿ. ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಅದು ಶ್ವಾಸಕೋಶಕ್ಕೆ ಸರಿಯಬಹುದು. ಬಂದ ಹಣ ಬಿಟ್ಟು ಅಂಥವರನ್ನು ಆಸ್ಪತ್ರೆಗೆ ಕಳುಹಿಸಲೇಬೇಕು.

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ

ಸಾಲಕ್ಕೆ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ) ಯೋಜನೆಯನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನಾ ವೆಚ್ಚಕ್ಕೆ ಅವಕಾಶವಿದೆ. ಮಹಿಳೆಯರು ಶೇಕಡಾ 5ರಷ್ಟು ಸ್ವಂತ ಹಣ ಹಾಕಿದರೆ ಸಾಕು, ನಗರ ಪ್ರದೇಶದಲ್ಲಿ ಶೇಕಡಾ 25, ಗ್ರಾಮೀಣ ಪ್ರದೇಶದಲ್ಲಿ ಶೇಕಡಾ 35 ಸಹಾಯಧನ ಸಿಗುತ್ತದೆ. ಅದು ಹೊಸ ಘಟಕಗಳಿಗೆ ಮಾತ್ರವಾದ್ದರಿಂದ, ಬಾಗಿಲು ತೆರೆದ ಮೇಲೆ ಅರ್ಜಿ ಹಾಕಿದರೆ ಉಪಯೋಗವಿಲ್ಲ. ನಗರಸಭೆಯ ಉದ್ದಿಮೆ ಪರವಾನಗಿ ಬೇಕು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿಯನ್ನು ಆರಂಭಿಸಿದ 30 ದಿನಗಳೊಳಗೆ ಮಾಡಿಸಬೇಕು. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಅದಕ್ಕೆ ಯಾರಿಗೂ ಹಣ ಕೊಡಬೇಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮುಂಗಡ ಕೊಡಲು ನಾಳೆಯೇ ಹೋಗುವವಳಿದ್ದೆ, ಈಗ ತಡೆದಿದ್ದೇನೆ. ಸೋಮವಾರ ಆ ಕಟ್ಟಡದ ನಲ್ಲಿಯಿಂದ ಎರಡು ಬಾಟಲಿ ನೀರು ಹಿಡಿದು ಪರೀಕ್ಷೆಗೆ ಕೊಟ್ಟು, ಅಲ್ಲಿಂದ ನೇರವಾಗಿ ಕೈಗಾರಿಕಾ ಕೇಂದ್ರಕ್ಕೆ ಹೋಗುತ್ತೇನೆ. ಬಾಣಂತಿ ಆರೈಕೆಯ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಅಜ್ಜಿ ಎಣ್ಣೆಗೆ ಏನೇನು ಹಾಕಿ ಕಾಯಿಸುತ್ತಿದ್ದರೆಂದು ಅವರೇ ನೆನಪಿಸಿಕೊಂಡು ಬರೆಸುತ್ತಿದ್ದಾರೆ.