ಬಂಡೂರು ಕುರಿ: ಯಾವುದನ್ನು ಉಳಿಸಿಕೊಳ್ಳೋದು, ಯಾವುದನ್ನು ಮಾರೋದು?

ಪ್ರಶ್ನೆ: ಮಂದೆಯಲ್ಲಿ 40 ಹೆಣ್ಣು ಕುರಿ, ಒಂದೇ ಟಗರು. ಟಗರು ತಂದು ಎರಡು ವರ್ಷ ದಾಟಿತು. ಅದನ್ನೇ ಮುಂದುವರಿಸಬಹುದಾ? ಗಬ್ಬ ನಿಲ್ಲದ ಕುರಿಗಳನ್ನು ಈಗಲೇ ಮಾರಲಾ?

ಉತ್ತರ 1: ಮೊದಲು ಟಗರು ಬದಲಾಯಿಸಿ ಅಣ್ಣ. ಅದರ ಹೆಣ್ಮರಿಗಳೇ ಈಗ ಬೆದೆಗೆ ಬರ್ತವೆ, ಅಪ್ಪನೇ ಹಾರಿದರೆ ಮರಿ ಬಡಕಲು. 25ರಿಂದ 30 ಕುರಿಗೆ ಒಂದು ಟಗರು ಬೇಕು. ಕೊಳ್ಳುವಾಗ ಬೀಜ ಎರಡನ್ನೂ ಹಿಡಿದು ನೋಡಿ: ಸಮ ಗಾತ್ರ, ಗಟ್ಟಿ, ಗಂಟಿಲ್ಲದೆ ಇರಲಿ. ಒಂದೇ ಇಳಿದಿದ್ದರೆ ಮೈಕಟ್ಟು ಎಷ್ಟೇ ಚೆನ್ನಾಗಿರಲಿ, ಬೇಡ. ಆ ದೋಷ ಮರಿಗೂ ಹೋಗಬಹುದು.

ಉತ್ತರ 2: ಮಾರೋ ಮುಂಚೆ ಬೆನ್ನು ಮುಟ್ಟಿ ನೋಡಿ. ಮೂಳೆ ಕೈಗೆ ಚುಚ್ಚಿದರೆ ತಪ್ಪು ಮೇವಿನದು, ಕುರಿಯದಲ್ಲ. ಟಗರು ಬಿಡುವ ಮೂರು ವಾರ ಮೊದಲಿನಿಂದ ದಿನಕ್ಕೆ 200ರಿಂದ 250 ಗ್ರಾಂ ಮುಸುಕಿನ ಜೋಳದ ನುಚ್ಚು ಕೊಡಿ, ಒಂದೇ ಸಲ ಅಷ್ಟು ಸುರಿಯಬೇಡಿ, ಹೊಟ್ಟೆ ಕೆಡುತ್ತೆ. ಬೆದೆ ಸುಮಾರು 17 ದಿನಕ್ಕೊಮ್ಮೆ. 51 ದಿನ ಟಗರು ಬಿಟ್ಟರೆ ಮೂರು ಅವಕಾಶ. ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು ಹಚ್ಚಿ, ಹಾರಿದ ಕುರಿಯ ಸೊಂಟಕ್ಕೆ ಹತ್ತುತ್ತೆ. 17 ದಿನಕ್ಕೊಮ್ಮೆ ಬಣ್ಣ ಬದಲಿಸಿ, ಅದೇ ಕುರಿಗೆ ಹೊಸ ಬಣ್ಣ ಹತ್ತಿದರೆ ಹಿಂದಿನ ಸಲ ಗಬ್ಬ ನಿಂತಿಲ್ಲ ಅಂತ. ಬಹುಪಾಲು ಕುರಿಗಳ ಮೇಲೆ ಮತ್ತೆ ಮತ್ತೆ ಹೊಸ ಬಣ್ಣ ಕಂಡರೆ ಟಗರನ್ನೇ ಅನುಮಾನಿಸಿ.

ಉತ್ತರ 3: ಮೇಲಿನದಕ್ಕೆ ಒಪ್ಪಿಗೆ. ಆದರೆ ಕೆಚ್ಚಲಲ್ಲಿ ಗಡ್ಡೆ ಇದ್ದರೆ ಎರಡನೇ ಅವಕಾಶ ಕೊಡಬೇಡಿ, ಆ ಮೊಲೆಯಲ್ಲಿ ಮತ್ತೆ ಹಾಲಿಳಿಯೋದು ಅಪರೂಪ, ಮರಿ ಉಪವಾಸ. ಮುಂಬಲ್ಲು ಮುರಿದವನ್ನೂ ಬೇಸಿಗೆಗೆ ಮೊದಲೇ ಕೊಡಿ, ಮೈ ಇಳಿದ ಮೇಲೆ ಬೆಲೆ ಬರಲ್ಲ. ಕಂದು ಹಾಕಿದ (ಗರ್ಭಪಾತವಾದ) ಕುರಿಯನ್ನು ಮಾತ್ರ ಬೇರೆ ಕಟ್ಟಿ, ಗರ್ಭಪಾತ ತರೋ ಬ್ರುಸೆಲ್ಲಾ ಸೋಂಕಿಗೆ ರಕ್ತಪರೀಕ್ಷೆ ಮಾಡಿಸಿ. ಪರೀಕ್ಷೆಯಿಲ್ಲದೆ ಇನ್ನೊಬ್ಬರ ಮಂದೆಗೆ ದಾಟಿಸಬೇಡಿ. ಸತ್ತ ಮರಿ, ಮಾಸು ಬರಿಗೈಲಿ ಮುಟ್ಟಬೇಡಿ, ಮನುಷ್ಯರಿಗೂ ಹತ್ತೋ ರೋಗ ಅದು.