ಝೀನಾ, ಗೇಬ್ರಿಯಲ್: ಬರೀ ಗೆಳತಿಯರಾ?

ಚಕ್ರಧಾರಿ: ಯೋಧೆ ಝೀನಾ, ಅವಳ ಜೊತೆಗಾತಿ ಗೇಬ್ರಿಯಲ್ ಇಬ್ಬರ ಧಾರಾವಾಹಿ ‘ಝೀನಾ: ವಾರಿಯರ್ ಪ್ರಿನ್ಸೆಸ್’ ಮತ್ತೆ ಮೊದಲಿಂದ ನೋಡುತ್ತಿದ್ದೇನೆ. 1995ರಿಂದ 2001ರವರೆಗೆ ಆರು ಸೀಸನ್, 134 ಕಂತು. ಈಗ ಎರಡನೇ ಸೀಸನ್ ಮುಗಿಯಿತು. ಇವರಿಬ್ಬರದು ಪ್ರೀತಿಯಲ್ಲ, ಸುಮ್ನೆ ಸ್ನೇಹ ಅನ್ನುವವರು ಇನ್ನೂ ಇದ್ದೀರಾ?

ಹಳೇಟೀವಿ: ನಾನಿದ್ದೇನೆ. ಗೇಬ್ರಿಯಲ್ ಪೆರ್ಡಿಕಸ್‌ನನ್ನು ಮದುವೆಯಾಗಲಿಲ್ವಾ? ಝೀನಾ ಹಿಂದೆ ಯುದ್ಧದೇವತೆ ಏರೀಸ್ ಸುತ್ತುತ್ತಲೇ ಇದ್ದ. ಇಬ್ಬರು ಹೆಂಗಸರು ಜೊತೆಗೆ ಊರೂರು ಅಲೆದರೆ ಅದಕ್ಕೊಂದು ಬಣ್ಣ ಕಟ್ಟಲೇಬೇಕಾ?

ಚಕ್ರಧಾರಿ: ಆ ಪೆರ್ಡಿಕಸ್ ಮದುವೆಯಾದ ಕಂತಿನಲ್ಲೇ ಸತ್ತ ಮಾರಾಯರೇ! ಅದೇ ಸೀಸನ್ನಿನ ‘ಎ ಡೇ ಇನ್ ದ ಲೈಫ್’ ನೋಡಿ. ಬಾಣಲೆ ಹಾಳಾಯಿತು ಅಂತ ಜಗಳ, ಗೇಬ್ರಿಯಲ್ ಬರೆದಿಟ್ಟ ಸುರುಳಿಯನ್ನು ಝೀನಾ ಪೊದೆ ಹಿಂದೆ ‘ಬಳಸಿಕೊಂಡಳು’ ಅಂತ ಇನ್ನೊಂದು ಜಗಳ. ಆಮೇಲೆ ಒಂದೇ ತೊಟ್ಟಿಯಲ್ಲಿ ಸ್ನಾನ, ಸೋಪಿನ ಮೇಲೆ ಕೂತಿದ್ದೀಯಾ ಅಂತ ವಿಚಾರಣೆ. ಇದು ಸಂಸಾರ ಅಲ್ದೆ ಮತ್ತೇನು?

ನಿದ್ದೆಗೆಟ್ಟವಳು: ಪ್ರೀತಿ ಅನ್ನೋದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಸಿಟ್ಟು ಬರೆದವರ ಮೇಲೆ. ‘ದ ಕ್ವೆಸ್ಟ್’ನಲ್ಲಿ ಸತ್ತ ಝೀನಾಳ ಆತ್ಮ ಕಳ್ಳ ಆಟೋಲಿಕಸ್ ಮೈಗೆ ಬರುತ್ತದೆ. ಗೇಬ್ರಿಯಲ್ ಕಣ್ಣು ಮುಚ್ಚುತ್ತಾಳೆ, ಝೀನಾ ಕಾಣುತ್ತಾಳೆ, ತುಟಿ ತುಟಿ ಹತ್ತಿರ ಬರುತ್ತವೆ... ಟಕ್ ಅಂತ ನೋಡಿದರೆ ಮುತ್ತು ಕೊಡುತ್ತಿರುವವನು ಮೀಸೆಯ ಆಟೋಲಿಕಸ್! ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನೋಡುವವರನ್ನು ಆರು ವರ್ಷ ಹೀಗೇ ಆಡಿಸಿದರು.

ಕತ್ತರಿಪ್ರಯೋಗ: ಅದು 1997ರ ಜನವರಿ. ಅಮೆರಿಕದ ಹಾಸ್ಯನಟಿ ಎಲೆನ್ ಡಿಜೆನರಸ್ ತಾನು ಲೆಸ್ಬಿಯನ್ ಅಂತ ಬಹಿರಂಗವಾಗಿ ಹೇಳಿಕೊಂಡಿದ್ದೇ ಅದಾಗಿ ಮೂರು ತಿಂಗಳಿಗೆ. ಅಲ್ಲದೆ ಝೀನಾ ಒಂದೇ ದೊಡ್ಡ ಚಾನೆಲ್ಲಿನ ಧಾರಾವಾಹಿ ಅಲ್ಲ. ಅಮೆರಿಕದ ಸ್ಥಳೀಯ ಸ್ಟೇಷನ್‌ಗಳಿಗೆ ಬಿಡಿಬಿಡಿಯಾಗಿ ಮಾರುತ್ತಿದ್ದರು. ಬಾಯಿಬಿಟ್ಟು ಹೇಳಿದ್ದರೆ ಎಷ್ಟು ಸ್ಟೇಷನ್‌ಗಳು ಕೈಬಿಡುತ್ತಿದ್ದವೋ. ಆ ಮೀಸೆ ಇದ್ದದ್ದಕ್ಕೇ ಆ ಮುತ್ತೂ ಬಂತು.

ನಿದ್ದೆಗೆಟ್ಟವಳು: ಹಾಗಾದರೆ ‘ಬಫಿ’ ಧಾರಾವಾಹಿಯಲ್ಲಿ ವಿಲೋ, ಟಾರಾ ಅನ್ನೋ ಇಬ್ಬರು ಹುಡುಗಿಯರು ಜೋಡಿ ಅಂತ ನೇರವಾಗಿಯೇ ತೋರಿಸಿದರಲ್ಲ? ಅಷ್ಟರಲ್ಲಿ ಝೀನಾ ಇನ್ನೂ ಮುಗಿದಿರಲಿಲ್ಲ.

ಕತ್ತರಿಪ್ರಯೋಗ: ತೋರಿಸಿದರು. 2002ರಲ್ಲಿ ಟಾರಾಳನ್ನು ಗುಂಡಿಗೆ ಬಲಿಯನ್ನೂ ಕೊಟ್ಟರು.

ನಿದ್ದೆಗೆಟ್ಟವಳು: ಝೀನಾಳನ್ನು ಉಳಿಸಿದರಾ? ಅವಳ ತಲೆಯನ್ನೇ ತೆಗೆದರು! ಬದುಕಿಸುವ ದಾರಿ ಗೇಬ್ರಿಯಲ್ ಕೈಯಲ್ಲೇ ಇತ್ತು, ಬೇಡ ಅಂದವಳು ಝೀನಾ. ಆ ಕೊನೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಚಕ್ರಧಾರಿ: ಆದರೆ ಆ ಕೊನೆಯಲ್ಲೇ ಗೇಬ್ರಿಯಲ್ ತನ್ನ ಬಾಯಿಯಿಂದ ಝೀನಾಳ ಬಾಯಿಗೆ ನೀರು ಕೊಡುತ್ತಾಳೆ. ಅದನ್ನು ನೋಡಿದ ಮೇಲೆ ಇವರಿಬ್ಬರೂ ಮದುವೆಯಾದವರೇ ಅನ್ನಿಸಿತು ಅಂತ 2003ರ ಒಂದು ಸಂದರ್ಶನದಲ್ಲಿ ಲೂಸಿ ಲಾಲೆಸ್ ಹೇಳಿದ್ದಾರೆ. ಝೀನಾ ಆಗಿದ್ದವರೇ ಹೇಳಿದ ಮೇಲೆ?

ಹಳೇಟೀವಿ: ನಟಿಗೆ ಅನ್ನಿಸಿದ್ದೇ ಕತೆ ಆಗಲ್ಲ. ಪ್ರಾಣ ಕೊಡುವ ಸ್ನೇಹವೂ ಇರುತ್ತದೆ, ಅದಕ್ಕೂ ಟೀವಿಯಲ್ಲಿ ಜಾಗ ಬೇಕು. ನನ್ನ ಮಾತು ಅಷ್ಟೇ.

ಚಕ್ರಧಾರಿ: ನೀರಿನ ದೃಶ್ಯ ಇನ್ನೊಂದು ಸಲ ನೋಡಿ ಬಂದು ಹೇಳಿ.

ಹಳೇಟೀವಿ: ನೋಡಿದೆ. ಸ್ನೇಹ ಅಂತಲೇ ಅನ್ನುತ್ತೇನೆ. ಅಂದಹಾಗೆ, ಆ ಸೋಪಿನ ಕಂತು ಯಾವುದು ಅಂದಿರಿ?